ಸಾಂಗ್ಮುವಿನ ಡೋಲು

ಆ ಹಿಮಾಲಯದ ಹಳ್ಳಿಯಲ್ಲಿ ಮಠದ ಹಿಂದಿನ ಗುರುಗಳು ಮಾಡಿಟ್ಟ ಕಟ್ಟಳೆ ಒಂದೇ: ಡೋಲಿನವಳನ್ನು ಯಾರೂ ಕರೆಸಬಾರದು. ಕರೆಸಿದವರು ಸತ್ತಾಗ, ಜೀವಕ್ಕೆ ದಾರಿ ತೋರುವ ಗ್ರಂಥವನ್ನು ಮಠದವರು ಓದುವುದಿಲ್ಲ.

ಬುದ್ಧನ ಮುಂದೆ ದೀಪ ಹಚ್ಚಿ ಎಲ್ಲರೂ ವಚನ ಕೊಟ್ಟಿದ್ದರು. ಎಲ್ಲರೂ ಮುರಿದಿದ್ದರು.

ಡೋಲಿನವಳ ಹೆಸರು ಸಾಂಗ್ಮು. ಮೈಮೇಲೆ ದೈವ ಬಂದಾಗ ಡೋಲು ಬಾರಿಸುತ್ತ, ಕಾಯಿಲೆಯವರ ದಾರಿತಪ್ಪಿದ ಜೀವವನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಅವಳ ಒಬ್ಬನೇ ಮಗ ಛೇವಾಂಗ್ ಮಠ ಸೇರಿ ಭಿಕ್ಷುವಾಗಿದ್ದ.

ಬಾರ್ಲಿ ಕೊಯ್ಲಿನ ದಿನಗಳಲ್ಲಿ ಸಾಂಗ್ಮು ಸತ್ತಳು.

ಡೋಲಿನವರ ಶವ ಎತ್ತುವ ಮೊದಲು ಅವರದೇ ಡೋಲನ್ನು ಒಂಬತ್ತು ಸುತ್ತು ಬಾರಿಸಬೇಕು. ಹೊಟ್ಟೆಯಲ್ಲಿ ಹುಟ್ಟಿದವರು ಬಾರಿಸುವಂತಿಲ್ಲ. ಆ ಡೋಲಿನಿಂದ ಬದುಕಿದವರೇ ಬಾರಿಸಬೇಕು. ಇಲ್ಲದಿದ್ದರೆ ಸತ್ತ ಜೀವಕ್ಕೆ ದಾರಿ ಸಿಗದು.

ಛೇವಾಂಗ್ ಮನೆಮನೆಗೆ ಹೋಗಿ ಬೇಡಿದ. ಮಧ್ಯಾಹ್ನ ಮಠದ ಈಗಿನ ಗುರುಗಳ ಮುಂದೆ ಬಂದು ನಿಂತ.

“ಯಾರೂ ಒಪ್ಪಲಿಲ್ಲವೆ?”

“ಡೋಲು ಮುಟ್ಟಿದರೆ ಕರೆಸಿದ್ದು ನಿಜ ಅಂತ ಒಪ್ಪಿಕೊಂಡ ಹಾಗಲ್ಲವೆ, ಗುರುಗಳೇ? ಅವ್ವನ ಗುರುತೇ ಇಲ್ಲ ಅಂತಾರೆ.”

ಗುರುಗಳು ಊರುಗೋಲು ಹಿಡಿದು ಕೆಳಗಿಳಿದರು. ಸಾಂಗ್ಮುವಿನ ಅಂಗಳದಲ್ಲಿ ಊರೇ ನಿಂತಿತ್ತು.

“ಫುರ್ಬಾ,” ಎಂದು ಊರ ಮುಖ್ಯಸ್ಥನನ್ನು ಕರೆದರು. “ನಿನ್ನ ಹೆಂಡತಿಗೆ ಬಾಣಂತಿ ಸನ್ನಿ ಆಗಿತ್ತಲ್ಲ?”

“ಅದು ಔಷಧಿಗೆ ಇಳಿಯಿತು.”

“ನಿನ್ನ ಕುದುರೆ ಮೇವು ಬಿಟ್ಟಿತ್ತಲ್ಲ?”

“ಕುದುರೆಗೆ ಅವಳು ಡೋಲು ಬಾರಿಸಿದ್ದು ನಿಜ. ಆದರೆ ಕುದುರೆ ವಚನ ಕೊಟ್ಟಿರಲಿಲ್ಲವಲ್ಲ!”

ಯಾರೋ ಕಿಸಕ್ಕನೆ ನಕ್ಕರು.

“ಹಾಗಾದರೆ ಕುದುರೆಯನ್ನೇ ಕರೆದುಕೊಂಡು ಬಾ,” ಅಂದರು ಗುರುಗಳು.

ಮತ್ತೆ ಯಾರೂ ನಗಲಿಲ್ಲ. ಮುದುಕಿ ಯಾಂಗ್ಜಿ ಮೊಮ್ಮಗಳನ್ನು ಬೆನ್ನ ಹಿಂದೆ ಸರಿಸಿಕೊಂಡಳು.

“ನೀನು, ಯಾಂಗ್ಜಿ?”

“ಇವತ್ತೋ ನಾಳೆಯೋ ಸಾಯುವವಳು ನಾನು,” ಎಂದು ಅವಳು ಅತ್ತಳು. “ನನಗೆ ಗ್ರಂಥ ಬೇಕು, ಗುರುಗಳೇ.”

ಛೇವಾಂಗ್ ಗುರುಗಳ ಕಾಲು ಹಿಡಿದ. “ಅವ್ವನಿಗೂ ಗ್ರಂಥವನ್ನೇ ಓದಿ ಕಳಿಸಿಬಿಡಿ.”

“ಗ್ರಂಥದ ಭಾಷೆ ಅವಳಿಗೆ ಬರುತ್ತಿತ್ತೆ?”

“ಇಲ್ಲ. ಅವಳಿಗೆ ಗೊತ್ತಿದ್ದದ್ದು ಡೋಲೊಂದೇ.”

ಗುರುಗಳು ಗೋಡೆಯಿಂದ ಡೋಲನ್ನು ಇಳಿಸಿಕೊಂಡರು.

“ಆ ಡೋಲಿನಿಂದ ಬದುಕಿದವರೇ ಬಾರಿಸಬೇಕು, ಗುರುಗಳೇ,” ಎಂದ ಛೇವಾಂಗ್.

“ಮೂರು ವರ್ಷದ ಹಿಂದೆ ನನಗೆ ಜ್ವರ ಏರಿದಾಗ ನೀನು ಅವ್ವನನ್ನು ಹಿಂಬಾಗಿಲಿನಿಂದ ಕರೆತಂದೆ.”

ಛೇವಾಂಗನ ಮುಖ ಬಿಳಿಚಿಕೊಂಡಿತು. “ನಿಮಗೆ ಎಚ್ಚರವಿರಲಿಲ್ಲ...”

“ಇತ್ತು. ಬೇಡ ಅನ್ನಬಹುದಿತ್ತು. ಸಾಯಲು ಹೆದರಿ ಕಣ್ಣು ಮುಚ್ಚಿಕೊಂಡೇ ಇದ್ದೆ. ಆಮೇಲೆ ಅವಳು ದಾರಿಯಲ್ಲಿ ಎದುರಾದಾಗಲೆಲ್ಲ ಮುಖ ತಿರುಗಿಸಿದೆ. ಅವಳು ಒಮ್ಮೆಯೂ ಬಾಯಿ ಬಿಡಲಿಲ್ಲ.”

“ಬೇಡ, ಗುರುಗಳೇ!” ಫುರ್ಬಾ ಕೂಗಿದ. “ನಾಳೆ ನಿಮಗೆ ಗ್ರಂಥ ಓದುವವರು ಯಾರು?”

ಗುರುಗಳು ಹೊಸ್ತಿಲ ಮೇಲೆ, ಶವದ ಪಕ್ಕ ಕೂತರು. ಡೋಲು ಬಾರಿಸುವ ಬಾಗಿದ ಬೆತ್ತವನ್ನು ಎತ್ತಿದರು. ಮೊದಲ ಏಟು ಬಿತ್ತು.

ಅವರು ಶಿಷ್ಯನತ್ತ ತಿರುಗಿದರು.

“ನಿನಗೆ ತಾಳ ಗೊತ್ತು. ನಾನು ತಪ್ಪಿದರೆ ಹೇಳು.”