ಅತ್ತಿತ್ತ ನೋಡುವ ಆಕಳು

“ಅಜ್ಜಾರೇ, ಒಂದು ಕಡೆ ನಿಲ್ಲದ ಮನಸ್ಸನ್ನು ಕಟ್ಟಿಹಾಕುವುದು ಹೇಗೆ?”

ಪೂಜೆ ಮುಗಿಸಿ ಎದ್ದ ಮಠದ ಗುರುಗಳನ್ನು ಕಲ್ಲಿನಾಥ ಹೀಗೆ ಕೇಳಿದ. ಪಾಠಶಾಲೆಯ ಪರೀಕ್ಷೆ ಹತ್ತಿರ ಬಂದಿತ್ತು. ಹಿಂದೆ ಎರಡು ಸಲ ಕೂತು ತೇರ್ಗಡೆಯಾಗಿರಲಿಲ್ಲ. ಈ ಸಲವೂ ಆಗದಿದ್ದರೆ ಪಾಠಶಾಲೆ ಬಿಟ್ಟು ಹೋಗಬೇಕಿತ್ತು. ಅವನು ದಡ್ಡನಲ್ಲ, ಹೇಳಿಕೊಟ್ಟದ್ದು ತಿಳಿಯುತ್ತಿತ್ತು. ಆದರೆ ಪುಸ್ತಕ ಬಿಡಿಸಿದರೆ ಒಂದು ಸಾಲು ಮುಗಿಯುವುದರೊಳಗೆ ಮನಸ್ಸು ಅಂಗಳದ ಗುಬ್ಬಿಯ ಹಿಂದೆ ಹೋಗುತ್ತಿತ್ತು, ಇಲ್ಲವೇ ದಾಸೋಹದ ಮನೆಯ ಒಗ್ಗರಣೆಯ ಹಿಂದೆ. ಚಿಕ್ಕಂದಿನಿಂದಲೂ ಹಾಗೆಯೇ. ಈಗ ಅವನು ಕಿಟಕಿ ಮುಚ್ಚಿ, ಕಿವಿಗೆ ಅರಳೆ ತುರುಕಿಕೊಂಡು ಓದುತ್ತಿದ್ದ. ಮನಸ್ಸು ಜಾರಿದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ಇವತ್ತು ಸೊಳ್ಳೆ ಎಷ್ಟು ಸತ್ತವು ಎಂದು ಜೊತೆಯವರು ಕೇಳುತ್ತಿದ್ದರು.

ಅಜ್ಜಾರು ಅವನ ಕೆಂಪಾದ ಕೆನ್ನೆಯನ್ನು ನೋಡಿದರು. ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನ ಮನೆಯಲ್ಲಿ ಹಾಲುಗೂಸು ಇತ್ತು. ಹೆತ್ತವಳಿಗೆ ಎದೆಹಾಲು ಸಾಲದು. ಮನೆಯ ಆಕಳ ಹಾಲೇ ಕೂಸಿಗೆ ಆಸರೆ. ಆ ಆಕಳೋ, ಹಿಂಡಲು ಕೂತರೆ ಕೋಳಿ ಕೂಗಿದತ್ತ ತಿರುಗುವುದು, ಬಾಗಿಲು ಕಿರುಗುಟ್ಟಿದತ್ತ ತಿರುಗುವುದು. ತಿರುಗಿದೊಡನೆ ಹಾಲು ನಿಲ್ಲುವುದು. ರೈತ ಅದನ್ನು ಕತ್ತಲೆ ಕೋಣೆಯಲ್ಲಿ ಕಟ್ಟಿದ. ಹಿಂಗಾಲು ಬಿಗಿದ. ಕಣ್ಣಿಗೆ ಬಟ್ಟೆ ಸುತ್ತಿದ. ಮಿಸುಕಿದಾಗಲೆಲ್ಲ ಕೋಲಿನಿಂದ ಬಾರಿಸಿದ. ಆಕಳು ಮಿಸುಕುವುದನ್ನು ಬಿಟ್ಟು ನಡುಗುತ್ತ ನಿಂತಿತು. ಹಾಲು ಮಾತ್ರ ಒಂದು ಹನಿಯೂ ಇಳಿಸಲಿಲ್ಲ. ಒಳಗೆ ಕೂಸು ಹಸಿದು ಅಳುತ್ತಿತ್ತು.

“ಅವ್ವಾ, ಇದಕ್ಕೆ ಬುದ್ಧಿ ಇಲ್ಲ. ಸಂತೆಗೆ ಹೊಡಕೊಂಡು ಹೋಗ್ತೀನಿ,” ಎಂದ ರೈತ.

“ಬುದ್ಧಿ ಯಾರಿಗಿಲ್ಲ ಅಂತ ಆಮೇಲೆ ನೋಡೋಣು. ಮೊದಲು ಆ ಕೋಲು ಒಗೆದು ಹಾಲಿನ ಚರಿಗೆ ಕೊಡು,” ಎಂದಳು ಅವನ ತಾಯಿ.

ಅವಳು ಕಟ್ಟು ಬಿಚ್ಚಿ ಆಕಳನ್ನು ಅಂಗಳಕ್ಕೆ ತಂದಳು. ಕರುವನ್ನು ಅದರ ಮುಂದೆ ಕಟ್ಟಿದಳು. ಬೆನ್ನು ಸವರಿ ಹಿಂಡಲು ಕೂತಳು. ಕೋಳಿ ಕೂಗಿತು. ಆಕಳು ತಿರುಗಿತು. ಅವಳು ಕೈ ನಿಲ್ಲಿಸಿದಳು, ಎದ್ದು ಹೋಗಲಿಲ್ಲ. ನೋಡಿ ಆಯ್ತಲ್ಲವ್ವಾ, ಇನ್ನು ಬಾ ಎಂದು ಮೆಲ್ಲಗೆ ಕರೆದಳು. ಆಕಳು ಕರುವಿನ ಕಡೆಗೆ ಮುಖ ತಂದಿತು. ಹಾಲು ಇಳಿಯಿತು. ಆಕಳು ಮತ್ತೆ ತಿರುಗಿತು, ಅವಳು ಮತ್ತೆ ಕರೆದಳು. ಅದು ಬೇಸತ್ತಾಗ ಮೇಯಲು ಬಿಟ್ಟಳು, ತುಸು ಹೊತ್ತಿನ ಮೇಲೆ ಬಂದು ಮತ್ತೆ ಕೂತಳು. ಬೇರೆಯವರು ಒಂದೇ ಸಲಕ್ಕೆ ಹಿಂಡುವ ಹಾಲನ್ನು ಅವಳು ನಾಲ್ಕಾರು ಸಲ ಕೂತು ಹಿಂಡಿದಳು. ದಿನವೂ ಹಾಗೆಯೇ ಹಿಂಡಿದಳು.

ಇಷ್ಟು ಹೇಳಿ ಅಜ್ಜಾರು ನಿಲ್ಲಿಸಿದರು. ಕಲ್ಲಿನಾಥನಿಗೆ ಬೇಕಾಗಿದ್ದ ಮಾತು ಇನ್ನೂ ಬಂದಿರಲಿಲ್ಲ. ಅವನೇ ಕೇಳಿದ.

“ಮುಂದಾದರೂ ಆ ಆಕಳು ಅತ್ತಿತ್ತ ನೋಡದೆ ನಿಲ್ಲುವುದನ್ನು ಕಲಿಯಿತೇ, ಅಜ್ಜಾರೇ?”

“ಇಲ್ಲ ತಮ್ಮಾ, ಆದರೆ ಕೂಸು ಬೆಳೆಯಿತು.”