ಎರಡು ಶ್ರೀ

ಯಾವ ಹೆಸರಿನಿಂದ ಕರೆದರೂ ಓಗೊಡುವವನಿಗೆ, ಯಾವ ಹೆಸರಿನೊಳಗೂ ಹಿಡಿಸದವನಿಗೆ ಶರಣೆಂದು ಈ ಕತೆಯನ್ನು ಹೇಳುತ್ತೇನೆ.

“ಬುದ್ಧಿ, ಕೊನೆಯ ಪುಟದಲ್ಲಿ ನನ್ನ ಹೆಸರು ಬರೆದರೆ ಅದು ಅಹಂಕಾರವಾಗದೇ?” ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮರುಳಯ್ಯ ಮಠದ ಶಿಷ್ಯ. ಹಸುಕರುಗಳ ಮದ್ದಿನ ಹಳೆಯ ಓಲೆಗರಿ ಗ್ರಂಥವೊಂದನ್ನು ಆರು ವರ್ಷ ಕೂತು ಓದಿ, ಇಂದಿನ ಅಕ್ಷರಕ್ಕೆ ಇಳಿಸಿದ್ದ. ಮಾರನೆಯ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಕೊನೆಯ ಪುಟದಲ್ಲಿ ‘ಶಿವಾರ್ಪಣ’ ಎಂದಷ್ಟೇ ಬರೆದು ನಿಲ್ಲಿಸಿದ್ದ. ಅಡುಗೆಮನೆಯ ಹಿರಿಯರು ಅದನ್ನು ನೋಡಿ, “ಏನಯ್ಯಾ, ಇಷ್ಟೂ ಶಿವನೇ ಬರೆದನೋ? ಹಾಗಾದರೆ ಆರು ವರ್ಷ ಉಂಡ ಮುದ್ದೆಯ ಲೆಕ್ಕವನ್ನು ಅವನಿಗೇ ಕಳಿಸುತ್ತೇನೆ” ಎಂದು ಕಿಚಾಯಿಸಿದ್ದರು. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಗುರುಗಳು ಹಸ್ತಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡರು. “ಕೂತುಕೋ” ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗ್ರಂಥಪಾಲಕನಿದ್ದ. ದೈವಭಕ್ತ. ಹಾಳೆಯ ನೆತ್ತಿಗೆ ಶ್ರೀ ಹಾಕದೆ ದಿನಸಿಯ ಚೀಟಿಯನ್ನೂ ಬರೆದವನಲ್ಲ. ಓಲೆಗರಿಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕಾಪಾಡುವುದು ಅವನ ಕಾಯಕ.

ಅವನ ಕಂಪ್ಯೂಟರು ಯುನಿಕ್ಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ವಂಶದ್ದು. ಆ ವಂಶದ ಯಂತ್ರಗಳು ಹೇಳಿದ ಮಾತಿಗೆ ತಪ್ಪುವುದಿಲ್ಲ. ಹೇಳದ್ದನ್ನು ಊಹಿಸುವುದೂ ಇಲ್ಲ. ಅಲ್ಲಿ ಡಿಸ್ಕನ್ನು ಹೊಲದ ಹಾಗೆ ಭಾಗ ಮಾಡಬಹುದು. ಭಾಗಕ್ಕೆ ಒಂದು ಲೇಬಲ್, ಎಂದರೆ ಹೆಸರು, ಇಡಬಹುದು. ಯಂತ್ರ ಎದ್ದೊಡನೆ ಒಂದು ಪಟ್ಟಿಯನ್ನು ಓದುತ್ತದೆ. ‘ಇಂಥ ಹೆಸರಿನ ಭಾಗವನ್ನು ಕರೆ, ಇಂಥ ಕಡೆ ಕೂರಿಸು’ ಎಂದು ಅದರಲ್ಲಿರುತ್ತದೆ. ಯಂತ್ರ ಹೆಸರು ಕೂಗುತ್ತದೆ. ಓ ಎಂದದ್ದನ್ನು ಕೂರಿಸುತ್ತದೆ. ಗ್ರಂಥಪಾಲಕ ತನ್ನ ಡಿಸ್ಕಿನ ಭಾಗಕ್ಕೆ ಶ್ರೀ ಎಂದು ಹೆಸರಿಟ್ಟಿದ್ದ.

ಒಂದು ದಿನ ಅವನ ಕೈಗೆ ಮುನ್ನೂರು ಗರಿಗಳ ಒಂದು ಕಟ್ಟು ಬಂತು. ಬಹಳ ಹಳೆಯದು. ಒಂದೊಂದು ಗರಿಯನ್ನೂ ಒಂದೇ ಸಲ ಮಗುಚಬಹುದಿತ್ತು. ಎರಡನೆಯ ಸಲ ಮುಟ್ಟಿದರೆ ಹುಡಿ. ತೆಗೆದ ಚಿತ್ರವೇ ಇನ್ನು ಗ್ರಂಥ.

ಇಷ್ಟು ದೊಡ್ಡದಕ್ಕೆ ಒಂದೇ ಡಿಸ್ಕನ್ನು ನಂಬಬಾರದೆಂದು ಅವನು ಇನ್ನೊಂದು ತಂದ. ಕುಂಕುಮ ಇಟ್ಟ, ದಾಸವಾಳ ಮುಡಿಸಿದ, ಕಾಯಿ ಒಡೆದ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿದ. ಹೆಸರಿಡುವ ಹೊತ್ತು ಬಂದಾಗ ಕೈ ತಾನಾಗಿಯೇ ಶ್ರೀ ಎಂದು ಬರೆಯಿತು.

ಮಾರನೆಯ ದಿನದಿಂದ ವಿಚಿತ್ರ ಶುರುವಾಯಿತು. ನಿನ್ನೆ ತೆಗೆದ ಚಿತ್ರಗಳು ಇಂದು ಇಲ್ಲ. ಮೊನ್ನೆಯವು ಇವೆ. ನಾಳೆ ನೋಡಿದರೆ ನಿನ್ನೆಯವು ಬಂದಿವೆ, ಇಂದಿನವು ಹೋಗಿವೆ. ತಂತಿ ಬದಲಿಸಿದ. ಯಂತ್ರಕ್ಕೆ ದೃಷ್ಟಿ ತೆಗೆದ. ಹೋದವು ಮತ್ತೆ ಬರುತ್ತಿದ್ದವೆಂಬ ಧೈರ್ಯದಲ್ಲಿ ಕೆಲಸ ನಿಲ್ಲಿಸದೆ ಇಪ್ಪತ್ತು ದಿನ ಹೀಗೇ ಕಳೆದ. ಮುನ್ನೂರನೆಯ ಗರಿಯೂ ಚಿತ್ರ ತೆಗೆದ ಮೇಲೆ ಹುಡಿಯಾಯಿತು.

ರಿಪೇರಿ ಅಂಗಡಿಯವನು ಬಂದು, “ಡಿಸ್ಕ್ ಕೆಟ್ಟಿದೆ ಸ್ವಾಮಿ. ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡೋಣ” ಎಂದ. ಗ್ರಂಥಪಾಲಕ ಗರಿಗಳ ಹುಡಿಯನ್ನು ತುಂಬಿಟ್ಟಿದ್ದ ಬಟ್ಟಲನ್ನು ನೋಡಿದ. ಹೊಸದಾಗಿ ಶುರು ಮಾಡಲು ಏನು ಉಳಿದಿತ್ತು? “ನಾಳೆ ಹೇಳುತ್ತೇನೆ” ಎಂದು ಅವನನ್ನು ಕಳಿಸಿದ.

ಪಕ್ಕದ ಬೀದಿಯಲ್ಲಿ ಒಬ್ಬ ಹೆಂಗಸಿದ್ದಳು. ದೂರವಾಣಿ ಕೇಂದ್ರದಲ್ಲಿ ಮೂವತ್ತು ವರ್ಷ ಇಂಥವೇ ಯಂತ್ರಗಳನ್ನು ನೋಡಿಕೊಂಡು ನಿವೃತ್ತಳಾದವಳು. ಅವಳನ್ನು ಕರೆತಂದ. ಅವಳು ಒಂದು ಡಿಸ್ಕನ್ನು ಬಿಚ್ಚಿಟ್ಟು ಯಂತ್ರ ಎಬ್ಬಿಸಿದಳು. ಶ್ರೀ ಬಂತು. ಅದನ್ನು ಬಿಚ್ಚಿ ಇನ್ನೊಂದನ್ನು ಜೋಡಿಸಿದಳು. ಆಗಲೂ ಶ್ರೀ ಬಂತು.

“ಅಣ್ಣಾ, ಈ ಮನೆಯಲ್ಲಿ ಶ್ರೀ ಯಾರು?”

“ಎರಡೂ ಶ್ರೀಯೇ ತಾಯಿ. ಶ್ರೀ ಹಾಕದೆ ಕೆಲಸ ಶುರು ಮಾಡುವುದುಂಟೇ?”

ಅವಳು ನಕ್ಕಳು. “ಇಬ್ಬರು ಸೊಸೆಯರಿಗೂ ಒಂದೇ ಹೆಸರಿಟ್ಟು ಕೂಗಿದ್ದೀರಿ. ಯಾರಿಗೆ ಮೊದಲು ಕೇಳಿಸಿತೋ ಅವಳು ಓ ಎಂದು ಬಂದಿದ್ದಾಳೆ. ಅಕ್ಕಿಯನ್ನು ಒಬ್ಬಳ ಕೈಗೆ ಕೊಟ್ಟು, ಅನ್ನ ಎಲ್ಲಿ ಎಂದು ಇನ್ನೊಬ್ಬಳನ್ನು ಕೇಳಿದರೆ ಅವಳೇನು ಹೇಳಿಯಾಳು? ಏನೂ ಹೋಗಿಲ್ಲ ಅಣ್ಣಾ. ಅರ್ಧ ಇಲ್ಲಿದೆ, ಅರ್ಧ ಅಲ್ಲಿದೆ.”

ಗ್ರಂಥಪಾಲಕನಿಗೆ ಹೋದ ಜೀವ ಬಂತು. ಆ ಸಂತೋಷದಲ್ಲಿ ಒಂದರ ಮೇಲೆ ಇನ್ನೊಂದನ್ನು ಸುರಿದುಬಿಡಲು ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದಳು. ಅವನು ಚಿತ್ರಗಳಿಗೂ ಬರಿಯ ಅಂಕೆ ಕೊಟ್ಟಿದ್ದ, ಆಯಾ ದಿನ ಡಿಸ್ಕಿನಲ್ಲಿ ಕಂಡ ಕೊನೆಯ ಅಂಕೆಯಿಂದ ಮುಂದಕ್ಕೆ. ನಲವತ್ತು ಎಂಬ ಚಿತ್ರ ಇದರಲ್ಲೂ ಇತ್ತು, ಅದರಲ್ಲೂ ಇತ್ತು. ಗರಿಗಳು ಬೇರೆ ಬೇರೆ. ಸುರಿದಿದ್ದರೆ ಒಂದು ಇನ್ನೊಂದನ್ನು ನುಂಗುತ್ತಿತ್ತು.

ಅವಳು ಮೊದಲು ಎರಡು ಭಾಗಗಳಿಗೂ ಬೇರೆ ಹೆಸರಿಡಬೇಕೆಂದಳು. “ದೇವರ ಹೆಸರನ್ನು ಅಳಿಸುವುದೇ?” ಎಂದು ಅವನು ಹಿಂಜರಿದ. “ದೇವರು ಪೆಟ್ಟಿಗೆಯ ಮೇಲಿನ ಕುಂಕುಮದಲ್ಲಿರಲಿ. ಒಳಗಿರುವುದಕ್ಕೆ ಅದರ ಕೆಲಸದ ಹೆಸರಿಡಿ” ಎಂದಳು. ಹಳೆಯದು ‘ಮೂಲ’ ಆಯಿತು, ಹೊಸದು ‘ಪ್ರತಿ’ ಆಯಿತು. ಹೆಸರು ಬದಲಾಯಿತೇ ಹೊರತು ಒಳಗಿನ ಒಂದು ಚುಕ್ಕೆಯೂ ಅಲುಗಲಿಲ್ಲ. ಪಟ್ಟಿಯನ್ನೂ ತಿದ್ದಿದರು. ಆಮೇಲೆ ಇಬ್ಬರೂ ಕೂತು, ದಿನ ದಿನದ ಚಿತ್ರಗಳನ್ನು ಬೇರೆ ಬೇರೆ ಇಟ್ಟು, ಗರಿ ಗರಿಯ ಚಿತ್ರವನ್ನೂ ಓದಿ ಜೋಡಿಸಿದರು.

ಮೂರನೆಯ ದಿನ ಲೆಕ್ಕ ಮುಗಿಯಿತು. ಮುನ್ನೂರಕ್ಕೆ ಮುನ್ನೂರು. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು, “ಮೂವತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಕೆಲಸ ನೋಡಿರಲಿಲ್ಲ. ಯಾರು ತೆಗೆದದ್ದು ಎಂದು ಕೇಳಿದರೆ ಏನು ಹೇಳಲಿ?” ಎಂದಳು. ಗ್ರಂಥಪಾಲಕ ಎದ್ದು ನಿಂತ. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಜೀವಮಾನದಲ್ಲಿ ಮೊದಲ ಸಲ, “ನಾನು” ಎಂದ. ಅವನು ನಂಬಿದ ದೇವರು ಮುನಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಹೇಳಿದ: “ಆದರೂ ಬುದ್ಧಿ, ಹೊಗಳಿಕೆ ನನ್ನ ಹೆಸರಿಗೆ ಬಂದರೆ ಭಯವಾಗುತ್ತದೆ. ಅದು ಶಿವನಿಗೇ ಹೋಗಲಿ.”

ಗುರುಗಳು ಹಸ್ತಪ್ರತಿಯನ್ನು ಎರಡು ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಶಿಷ್ಯನ ಕೆಲಸಕ್ಕೆ ಅವರು ಹಾಗೆ ಮಾಡಿದ್ದನ್ನು ಮಠದಲ್ಲಿ ಯಾರೂ ಕಂಡಿರಲಿಲ್ಲ. ಆಮೇಲೆ ಕೊನೆಯ ಪುಟ ತೆರೆದು ಅವನ ಮುಂದಿಟ್ಟರು.

“ಹೊಗಳಿದಾಗ ಓ ಎನ್ನಲು ಶಿವನಿದ್ದಾನೆ, ನೀನು ಬರೆದ ಮದ್ದಿನ ಅಳತೆ ತಪ್ಪಿ ಯಾರದೋ ಹಸು ನರಳಿದ ದಿನ ಓ ಎನ್ನಬೇಕಾದವರು ಯಾರು, ಮರುಳಯ್ಯ?”

ಮರುಳಯ್ಯ ಪುಟವನ್ನು ಹತ್ತಿರಕ್ಕೆಳೆದುಕೊಂಡ. ಜೇಬಿನಿಂದ ಪೆನ್ನು ತೆಗೆದ.

ಈ ಕತೆಯನ್ನು ಕೇಳಿದವರ ಕೈಗೆ ಹೆಸರಿಡಲು ನಾಚದಂಥ ಕೆಲಸ ಸಿಗಲಿ. ಕರೆದಾಗ ಓ ಎನ್ನುವ ಧೈರ್ಯವಿರಲಿ. ಅವರ ಕೊಟ್ಟಿಗೆಯ ಹಸುಕರುಗಳು ತಣ್ಣಗಿರಲಿ.