ಸಿಹಿಯಾದ ಬೆಳ್ಳಿ ಬಳೆ

ಬನ್ರಪ್ಪಾ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ, ಕಡಲೆಕಾಯಿ ಸಿಪ್ಪೆ ನನ್ನ ಮಡಿಲಿಗೆ ಹಾಕಬೇಡಿ. ಹೂಂಗುಟ್ಟೋರು ಒಬ್ಬರಾದ್ರೂ ಇರಬೇಕು, ಇಲ್ಲದಿದ್ರೆ ಕಥೆ ದಾರಿ ಮಧ್ಯೆ ಕೂತುಬಿಡುತ್ತೆ.

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಆ ಊರಲ್ಲಿ ಲಿಂಗಾಚಾರಿ ಅಂತ ಒಬ್ಬ ಅಕ್ಕಸಾಲಿ, ಅವನ ಹೆಂಡತಿ ಪುಟ್ಟಾಚಮ್ಮ. ಎಂಥಾ ಹೆಣ್ಣು ಅಂತೀರಿ! ಅವಳೂ ಅಕ್ಕಸಾಲಿ ಮನೆ ಮಗಳೇ, ಅಪ್ಪನ ಅಗ್ಗಿಷ್ಟಿಕೆ ಮುಂದೆ ಕೂತು ಊದುಕೊಳವೆ ಊದೀ ಊದೀ ಬೆಳೆದೋಳು. ಬೆಂಕಿ ಬಣ್ಣ ನೋಡಿಯೇ ಬೆಳ್ಳಿ ಈಗ ಕರಗುತ್ತೆ, ಈಗ ಕರಗಲ್ಲ ಅಂತಿದ್ದಳಂತೆ.

ಎಷ್ಟೋ ಹರಕೆ ಹೊತ್ತ ಮೇಲೆ ರಾಣಿಗೆ ಒಂದು ಗಂಡು ಮಗು ಆಯ್ತಂತೆ. ಮಗುವಿಗೆ ಮೊದಲ ಅನ್ನ ಉಣಿಸೋ ಹಿಂದಿನ ದಿನ ರಾಜ ಲಿಂಗಾಚಾರಿನ ಕರೆಸಿದ. "ನಾಳೆ ಹೊತ್ತು ಹುಟ್ಟೋದ್ರೊಳಗೆ ನನ್ನ ಮಗನ ಕೈಗೆ ಗೆಜ್ಜೆ ಬಳೆ ಬೇಕು" ಅಂದ. ರಾಜರ ಮಾತಿಗೆ ಆಗಲ್ಲ ಅನ್ನೋಕುಂಟೆ?

ಗೆಜ್ಜೆಗಳನ್ನ ಬಳೆಗೆ ಬೆಸೀಬೇಕು. ಬೆಳ್ಳಿ ಬೆಸುಗೆಗೆ ಕೆಂಡ ನಿಗಿನಿಗಿ ಅನ್ನಬೇಕು. ಉಸಿರು ಒಂಚೂರು ಹೆಚ್ಚಾಯ್ತೋ, ಗೆಜ್ಜೆಯೇ ಕರಗಿ ನೀರು. ಅವಸರದಲ್ಲಿ ಊದಿದ, ಕರಗಿಹೋಯ್ತು. ಇನ್ನೊಂದು ಮಾಡಿ ಊದಿದ, ಅದೂ ಕರಗಿಹೋಯ್ತು. ಹೊತ್ತು ಮೀರ್ತಾ ಬಂತು, ಲಿಂಗಾಚಾರಿ ಸೀಸ ಕೈಗೆತ್ತಿಕೊಂಡ. ಸೀಸಕ್ಕೇನು, ಸಣ್ಣ ಉರಿ ಸಾಕು, ಬೆಣ್ಣೆ ಹಂಗೆ ಕರಗಿ ಅಂಟಿಕೊಳ್ಳುತ್ತೆ. ಅಂಟಿಸಿ, ತಿಕ್ಕಿ, ಹೊಳೆಯೋ ಹಂಗೆ ಮಾಡಿ ಕೊಟ್ಟ. ಪುಟ್ಟಾಚಮ್ಮ ತವರಿಗೆ ಹೋಗಿದ್ದಳು, ಬೇಡ ಅನ್ನೋರು ಯಾರು?

ಆ ಮಗುವಿಗೆ ಬಳೆ ಅಂದ್ರೆ ಪ್ರಾಣವಾಯ್ತಂತೆ. ಹಲ್ಲು ಬರೋ ಕಾಲ ನೋಡಿ, ಕೂತ್ರೂ ಬಾಯಲ್ಲಿ ಬಳೆ, ಮಲಗಿದ್ರೂ ಬಾಯಲ್ಲಿ ಬಳೆ. ರಾಣಿ ಹಿಗ್ಗಿದ್ದೇ ಹಿಗ್ಗಿದ್ದು, ಊರೋರು ಲಿಂಗಾಚಾರಿನ ಹೊಗಳಿದ್ದೇ ಹೊಗಳಿದ್ದು. ಪುಟ್ಟಾಚಮ್ಮ ತವರಿಂದ ಬರೋದ್ರೊಳಗೆ ಇನ್ನಷ್ಟು ಮನೆಗೂ ಅವನು ಹಂಗೇ ಸೀಸದಲ್ಲಿ ಬೆಸೆದುಕೊಟ್ಟ. ಹಿಂಗೇ ಇರೋವಾಗ ಮಗು ಬಿಳುಚಿಕೊಳ್ತು. ಹಾಲು ಒಲ್ಲದು, ಹೊಟ್ಟೆ ಹಿಂಡಿ ಹಿಂಡಿ ಅಳೋದು. ದೃಷ್ಟಿ ತೆಗೆದ್ರು, ತಾಯತ ಕಟ್ಟಿದ್ರು. ಊಹೂಂ. ಬಳೆ ಬಾಯಿಗಿಟ್ಟರೆ ಮಾತ್ರ ಸುಮ್ಮನಾಗೋದು.

"ಇನ್ನೊಂದು ಕೈಗೂ ಇಂಥದ್ದೇ ಮಾಡಿಸೋಣ, ಪಾಪ, ಅದೊಂದೇ ಅದರ ಸುಖ" ಅಂತ ರಾಣಿ ಹೇಳಿಕಳಿಸಿದಳಂತೆ. ಅಂತಃಪುರಕ್ಕೆ ಗಂಡಸರು ಹೋಗೋ ಹಂಗಿಲ್ಲ, ಅಳತೆಗೆ ಪುಟ್ಟಾಚಮ್ಮನೇ ಹೋದಳು.

ಹೋದೋಳು ಮಗು ಬಳೆ ಚೀಪೋದನ್ನ ನೋಡಿದಳು. ಬೆಲ್ಲದ ಅಚ್ಚು ಚೀಪಿದ ಹಂಗೆ! ಸುಮ್ಮನೆ ಕೈ ಹಿಡಿದು ಬಳೆಗೆ ನಾಲಿಗೆ ತಾಗಿಸಿದಳು.

"ಅಯ್ಯೋ ಇವಳ! ನಿನಗೂ ಹಲ್ಲು ಬರ್ತಿದೆಯೇನೇ?" ಅಂತ ಮಗುವಿನ ದಾದಿ ನಕ್ಕಳು.

ಪುಟ್ಟಾಚಮ್ಮ ನಗಲಿಲ್ಲ. ಬೆಳ್ಳಿ ಸಪ್ಪಗಿರಬೇಕು, ಇದು ಬೆಸುಗೆ ಹತ್ತಿರ ಸಿಹಿ. ಸೀಸ ಸಿಹಿ ತೋರಿಸಿ ವಿಷವಾಗಿ ಹೊಟ್ಟೆಗಿಳಿಯುತ್ತೆ ಅಂತ ಅವಳಪ್ಪ ಹೇಳಿದ್ದ. ಹೇಳಿದ್ರೆ ಗಂಡನ ತಲೆ ಹೋಗುತ್ತೆ, ಹೇಳದಿದ್ರೆ ಕೂಸು ಹೋಗುತ್ತೆ. ಗೊತ್ತಾಗದಂಗೆ ಬಳೆ ಬಿಚ್ಚಿಕೊಂಡು ಹೋಗಿಬಿಡಲೇ ಅನ್ನಿಸ್ತಂತೆ. ಆದ್ರೆ ರೋಗದ ಬೇರು ಗೊತ್ತಾಗದೆ ಅರಮನೆ ವೈದ್ಯ ಪಂಡಿತ ಮದ್ದು ಹೆಂಗೆ ಕೊಟ್ಟಾನು? ಊರಲ್ಲಿ ಇನ್ನೆಷ್ಟು ಕೈಯಲ್ಲಿ ಇಂಥ ಬಳೆ ಇದೆಯೋ?

ಕುಲದೇವತೆ ಕಾಳಮ್ಮನ್ನ ನೆನೆದು ಬಳೆ ಬಿಚ್ಚಿದಳು, ಮಗುವಿನ ಬಾಯಿ ತೊಳೆದಳು, ನೆಟ್ಟಗೆ ರಾಜನ ಮುಂದೆ ನಿಂತಳು. "ಬುದ್ಧೀ, ನಿಮ್ಮ ಮಗನ ಕಾಯಿಲೆ ಈ ಬಳೆಯಲ್ಲಿದೆ. ಇದನ್ನ ಬೆಸೆದಿದ್ದು ಸೀಸದಲ್ಲಿ. ಬೆಸೆದೋನು ನನ್ನ ಗಂಡ."

ರಾಜ ಕೆಂಡವಾದ. "ಎಳೆದು ತನ್ನಿ ಅವನ್ನ! ಬೆಸೆದ ಕೈ ಕಡೀರಿ!"

"ಕಡೀರಿ ಬುದ್ಧಿ. ಆದ್ರೆ ತಿಂಗಳ ಕೆಲಸಕ್ಕೆ ಒಂದೇ ದಿನ ಕೊಟ್ಟಿದ್ದು ಯಾರು, ಅದನ್ನೂ ಕೇಳಿ."

ರಾಜ ತಲೆ ತಗ್ಗಿಸಿ, ಆಮೇಲೆ ಕೇಳಿದ: "ಹಂಗಾದ್ರೆ ಬೆಸುಗೆ ಒಡವೆ ಯಾರೂ ತೊಡಬಾರದೇನಮ್ಮ?"

"ಧಾರಾಳವಾಗಿ ತೊಡಿ. ಬೆಳ್ಳಿಗೆ ಒಂಚೂರು ತಾಮ್ರ ಬೆರೆಸಿ ಬೆಳ್ಳಿಯಲ್ಲೇ ಬೆಸೆದ ಒಡವೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ, ಮೈಗೂ ಕೇಡಿಲ್ಲ. ಸೀಸ ಮಾತ್ರ ಬೇಡ. ಬಾಯಿಗಿಡೋ ಕೂಸಿಗಂತೂ ಬೇಡವೇ ಬೇಡ."

"ಆಯ್ತು, ನಿನ್ನ ಗಂಡನಿಗೆ ಶಿಕ್ಷೆ ನೀನೇ ಹೇಳು" ಅಂದ ರಾಜ.

"ಮನೆಮನೆಗೆ ಹೋಗಿ, ಸೀಸ ಹಾಕಿದ ಒಡವೆ ಯಾಕೆ ವಾಪಸ್ ಕೇಳ್ತಿದೀನಿ ಅಂತ ಅವನ ಬಾಯಿಂದಲೇ ಹೇಳಲಿ. ಎಲ್ಲಾ ಹೊಸದಾಗಿ ಬೆಸೆದು ಕೊಡಲಿ. ಊದೋಕೆ ನಾನು ಕೂರ್ತೀನಿ."

ಹಂಗೇ ಆಯ್ತಂತೆ. ಲಿಂಗಾಚಾರಿ ಬಾಗಿಲು ಬಾಗಿಲಿಗೂ ಬೈಸಿಕೊಂಡ, ಬೈಸಿಕೊಂಡೇ ಮನುಷ್ಯನಾದ, ಆಮೇಲೆ ಅವನಷ್ಟು ನೇರ ಅಕ್ಕಸಾಲಿ ಸೀಮೆಯಲ್ಲೇ ಇರಲಿಲ್ಲ. ಮಗು ಪಂಡಿತನ ಮದ್ದು ಕುಡಿದು, ಹಾಲು ಕುಡಿದು, ನಿಧಾನಕ್ಕೆ ಚೇತರಿಸಿಕೊಂಡು, ದೊಡ್ಡವನಾಗಿ ಊರು ಆಳಿದನಂತೆ. ದಾದಿ ಮಗುವಿನ ಕೈಗೆ ಬಂದಿದ್ದನ್ನೆಲ್ಲ ಮೊದಲು ತಾನೇ ನೆಕ್ಕಿ ನೋಡಿ, ನೆಕ್ಕೋ ದಾದಿ ಅಂತಲೇ ಹೆಸರು ತಗೊಂಡಳು. ರಾಣಿ ಪುಟ್ಟಾಚಮ್ಮನ್ನ ಅಕ್ಕಾ ಅಂತ ಕರೆದಳು. ರಾಜ ಅವಸರ ಬಿಟ್ಟ. ಪುಟ್ಟಾಚಮ್ಮ, ಆ ತಾಯಿ, ಮುಪ್ಪಾಗೋವರೆಗೂ ಊರ ಹೆಣ್ಣುಮಕ್ಕಳಿಗೆ ಬೆಂಕಿ ಬಣ್ಣ ಓದೋದು ಕಲಿಸಿ, ತುಂಬಿದ ಮನೆಯಲ್ಲಿ ಬಾಳಿದಳು. ಅವರ ಪಾಲಿನ ಹಾಲನ್ನ ಅವರು ಅಲ್ಲಿ ಕುಡಿದ್ರು, ನಮ್ಮ ಪಾಲಿನ ಗಂಜಿಯನ್ನ ನಾವಿಲ್ಲಿ ಕುಡಿಯೋಣ.